ಪ್ರಶಸ್ತಿ ಸ್ಪರ್ಧೆಗೆ ವರದಿ ಸರಣಿಯನ್ನು ಸಿದ್ಧಪಡಿಸುವುದು ಹೇಗೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಕನ್ನಡ ದಿನಪತ್ರಿಕೆಯ ಅರೆಕಾಲಿಕ ವರದಿಗಾರ. ನಮ್ಮ ಭಾಗದ ಫ್ಲೋರೈಡ್ ನೀರು ಮತ್ತು ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆ ಐದು ಕಂತುಗಳ ಸರಣಿ ಬರೆದಿದ್ದೇನೆ. ಮೊದಲ ಕಂತು ಡಿಸೆಂಬರ್ ಕೊನೆಯ ವಾರದಲ್ಲಿ, ಉಳಿದವು ಜನವರಿಯಲ್ಲಿ ಪ್ರಕಟವಾದವು. ಎರಡು ಕಂತುಗಳಿಗೆ ಬೈಲೈನ್ (ಬರೆದವರ ಹೆಸರು) ಇಲ್ಲ. ಮೂರನೆಯ ಕಂತಿನ ಬಗ್ಗೆ ಪತ್ರಿಕೆ ಒಂದು ತಿದ್ದುಪಡಿ ಪ್ರಕಟಿಸಿತ್ತು. ರಾಜ್ಯ ಮತ್ತು ರಾಷ್ಟ್ರ ಮಟ್ಟದ ಪ್ರಶಸ್ತಿಗಳಿಗೆ ಇದನ್ನು ಕಳುಹಿಸಲು ಹೇಗೆ ಸಿದ್ಧಪಡಿಸಬೇಕು? ಅನುವಾದ ಅಗತ್ಯವೇ? ಒಂದೇ ಸರಣಿಯನ್ನು ಎರಡು ಮೂರು ಕಡೆ ಕಳುಹಿಸಬಹುದೇ?

ಉತ್ತರ: ತಮ್ಮ ಸರಣಿಯನ್ನು ಓದಲಿರುವ ತೀರ್ಪುಗಾರರು ತಮ್ಮ ತಾಲ್ಲೂಕನ್ನು ಕಂಡವರಲ್ಲ. ಅಲ್ಲಿಯ ನೀರು ಎಂಥದ್ದು, ಆ ಘಟಕಗಳನ್ನು ಯಾರು ನಡೆಸಬೇಕಿತ್ತು, ತಾಲ್ಲೂಕು ಪಂಚಾಯಿತಿಯಲ್ಲಿ ಒಂದು ಕಡತ ಪಡೆಯುವುದಕ್ಕೆ ಎಷ್ಟು ಅಲೆಯಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅವರ ಮುಂದೆ ಇಂಥವೇ ಹತ್ತಾರು ಪ್ರವೇಶಗಳಿರುತ್ತವೆ, ಮೊದಲ ಸುತ್ತಿನಲ್ಲಿ ಒಂದೊಂದಕ್ಕೂ ಸಿಗುವುದು ಸ್ವಲ್ಪವೇ ಸಮಯ. ಆ ಸ್ವಲ್ಪ ಸಮಯದಲ್ಲಿ, ಹೊಸಬರಾದ ಓದುಗರೊಬ್ಬರು ‘ಈ ವರದಿಗಾರ ಹೊಸದಾಗಿ ಏನನ್ನು ಪತ್ತೆ ಹಚ್ಚಿದ್ದಾನೆ, ಅದನ್ನು ನಂಬಲು ಆಧಾರವೇನು’ ಎಂಬ ಎರಡು ಪ್ರಶ್ನೆಗಳಿಗೆ ಅಡೆತಡೆಯಿಲ್ಲದೆ ಉತ್ತರ ಪಡೆಯುವಂತೆ ಮಾಡುವುದೇ ಪ್ರವೇಶ ಸಿದ್ಧಪಡಿಸುವ ಕೆಲಸ. ಕಡತದ ರೂಪ, ಗಾತ್ರ, ಸಾರಾಂಶ, ಅನುವಾದ ಎಲ್ಲವನ್ನೂ ಈ ಉದ್ದೇಶದಿಂದಲೇ ನಿರ್ಧರಿಸಬೇಕು. ಪಟ್ಟ ಶ್ರಮವನ್ನೆಲ್ಲ ತೋರಿಸಬೇಕೆಂಬ ಆಸೆಯಿಂದ ದಪ್ಪ ಕಡತ ಕಟ್ಟಿ ಕಳುಹಿಸುವವರು ಬಹಳ ಮಂದಿ. ಒಳ್ಳೆಯ ವರದಿಗಳು ಆ ಕಾಗದಗಳ ಅಡಿಯಲ್ಲಿ ಹುದುಗಿಹೋಗುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಮೊದಲು ಅವಧಿಯ ಪ್ರಶ್ನೆ. ಪತ್ರಿಕೋದ್ಯಮಕ್ಕೆ ಕೊಡುವ ರಾಷ್ಟ್ರ ಮಟ್ಟದ ರಾಮನಾಥ್ ಗೋಯೆಂಕಾ ಪ್ರಶಸ್ತಿಯೂ ಸೇರಿದಂತೆ ಅನೇಕ ಸ್ಪರ್ಧೆಗಳು ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಕ್ಯಾಲೆಂಡರ್ ವರ್ಷವನ್ನು ಪರಿಗಣಿಸುತ್ತವೆ. ಜಿಲ್ಲಾ ಪತ್ರಕರ್ತರ ಸಂಘಗಳು ಜುಲೈ 1ರ ಪತ್ರಿಕಾ ದಿನಾಚರಣೆಗೆ ಹೊಂದಿಸಿಕೊಂಡು ಅರ್ಜಿ ಕರೆಯುವುದುಂಟು. ಅಲ್ಲಿ ಅವಧಿ ಬೇರೆಯೇ ಇರಬಹುದು. ತಮ್ಮ ಸರಣಿ ಎರಡು ವರ್ಷಗಳಿಗೆ ಹಂಚಿಹೋಗಿರುವುದರಿಂದ, ಅವಧಿಯೊಳಗೆ ಬರುವ ನಾಲ್ಕು ಕಂತುಗಳನ್ನು ಮಾತ್ರ ಪ್ರವೇಶವಾಗಿ ಸಲ್ಲಿಸಿ, ಡಿಸೆಂಬರ್‌ನ ಕಂತನ್ನು ಹಿನ್ನೆಲೆಯೆಂದು ಸಾರಾಂಶದಲ್ಲಿ ಒಂದು ವಾಕ್ಯದಲ್ಲಿ ಹೇಳುವುದು ಸುರಕ್ಷಿತ ಮಾರ್ಗ. ಮೊದಲ ಕಂತಿಲ್ಲದೆ ಸರಣಿ ಅರ್ಥವಾಗುವುದಿಲ್ಲ ಎಂದು ಅನಿಸಿದರೆ ಆಯೋಜಕರಿಗೆ ಈಗಲೇ ಇಮೇಲ್ ಬರೆದು ಕೇಳಿ, ಅವರ ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ‘ಪರವಾಗಿಲ್ಲ, ಕಳಿಸಿ’ ಎಂದು ಯಾರೋ ಹೇಳಿದ ಮಾತು ಪರಿಶೀಲನೆಯ ಹೊತ್ತಿಗೆ ನೆರವಿಗೆ ಬರುವುದಿಲ್ಲ.

ವಿಭಾಗದ ಆಯ್ಕೆಯನ್ನು ಹೆಚ್ಚಿನವರು ಅರ್ಜಿ ತುಂಬುವ ಕೊನೆಯ ಗಳಿಗೆಯಲ್ಲಿ ಮಾಡುತ್ತಾರೆ. ಗೋಯೆಂಕಾ ಪ್ರಶಸ್ತಿಯಲ್ಲಿ ಪ್ರಾದೇಶಿಕ ಭಾಷೆಗಳಿಗೆ ಪ್ರತ್ಯೇಕ ವಿಭಾಗವಿದೆ. ಅದರ ಜೊತೆಗೆ ಪರಿಸರ ಮತ್ತು ವಿಜ್ಞಾನಕ್ಕೆ, ತನಿಖಾ ವರದಿಗೆ, ಕಣ್ಣಿಗೆ ಬೀಳದ ಭಾರತವನ್ನು ತೆರೆದಿಡುವ ವರದಿಗಳಿಗೆ ಬೇರೆ ಬೇರೆ ವಿಭಾಗಗಳಿವೆ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಪ್ರಾದೇಶಿಕ ಭಾಷೆಯ ವಿಭಾಗವೇ ತಮ್ಮ ಜಾಗ ಎಂದು ಭಾವಿಸಬೇಡಿ. ಬೇರೆ ವಿಭಾಗಕ್ಕೂ ಅವಕಾಶವಿದೆಯೇ ಎಂದು ಆ ವರ್ಷದ ನಿಯಮಗಳನ್ನು ಓದಿ ನೋಡಿ. ಸರಣಿಯ ಜೀವ ಯಾವುದು ಎಂದು ತಮ್ಮನ್ನೇ ಕೇಳಿಕೊಳ್ಳಿ. ನಿರ್ವಹಣೆಯ ಹಣ ಎಲ್ಲಿಗೆ ಹೋಯಿತು ಎಂಬುದನ್ನು ದಾಖಲೆಗಳಿಂದ ಬಯಲು ಮಾಡಿದ್ದರೆ ಅದು ತನಿಖೆ. ಫ್ಲೋರೈಡ್ ಅಂತರ್ಜಲಕ್ಕೆ ಹೇಗೆ ಸೇರುತ್ತದೆ, ದೇಹದಲ್ಲಿ ಏನು ಮಾಡುತ್ತದೆ ಎಂಬುದೇ ಮುಖ್ಯವಾಗಿದ್ದರೆ ಅದು ಪರಿಸರ ಮತ್ತು ವಿಜ್ಞಾನ. ಸಾರಾಂಶದ ಮೊದಲ ವಾಕ್ಯವೇ ವಿಭಾಗಕ್ಕೆ ಹೊಂದಿಕೊಳ್ಳದಿದ್ದರೆ, ವರದಿ ಎಷ್ಟೇ ಗಟ್ಟಿಯಾಗಿದ್ದರೂ ತೀರ್ಪುಗಾರರು ಅದನ್ನು ಯಾವುದರ ಜೊತೆ ಹೋಲಿಸಬೇಕೆಂದು ತಿಳಿಯದೆ ಬದಿಗಿಡುವ ಸಾಧ್ಯತೆಯಿದೆ.

ಬೈಲೈನ್ ಇಲ್ಲದ ಎರಡು ಕಂತುಗಳ ವಿಚಾರ ಕನ್ನಡ ಪತ್ರಿಕೆಗಳ ತಾಲ್ಲೂಕು ವರದಿಗಾರರೆಲ್ಲರ ವಿಚಾರ. ಊರಿನ ಹೆಸರು, ಅದರ ಮುಂದೆ ಪತ್ರಿಕೆಯ ಹೆಸರಿನ ‘ವಾರ್ತೆ’ ಎಂಬ ಒಕ್ಕಣೆ ಮಾತ್ರ ಇರುವ ವರದಿಯನ್ನು ಬರೆದವರು ತಾವೇ ಎಂದು ಹೊರಗಿನವರಿಗೆ ತಿಳಿಯುವುದಕ್ಕೆ ಸಂಪಾದಕರ ದೃಢೀಕರಣ ಪತ್ರವೊಂದೇ ದಾರಿ. ಆ ಪತ್ರ ಪತ್ರಿಕೆಯ ಲೆಟರ್‌ಹೆಡ್‌ನಲ್ಲಿರಲಿ. ಕಂತಿನ ಶೀರ್ಷಿಕೆ, ಪ್ರಕಟವಾದ ದಿನಾಂಕ, ಆವೃತ್ತಿ ಮತ್ತು ಪುಟ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಿ, ಈ ವರದಿ ಇವರದ್ದು ಎಂದು ನೇರವಾಗಿ ಹೇಳಲಿ. ‘ಇವರು ನಮ್ಮ ಪತ್ರಿಕೆಯ ಶ್ರಮಜೀವಿ ವರದಿಗಾರರು’ ಎಂಬ ಪ್ರಶಂಸಾ ಪತ್ರದಿಂದ ಪ್ರಯೋಜನವಿಲ್ಲ. ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು. ಸರಣಿಯಲ್ಲಿ ಛಾಯಾಗ್ರಾಹಕರು, ಪಕ್ಕದ ಹೋಬಳಿಯ ವರದಿಗಾರರು, ಅಂಕಿಅಂಶಗಳನ್ನು ಜೋಡಿಸಿಕೊಟ್ಟ ಡೆಸ್ಕಿನವರು (ಕಚೇರಿಯಲ್ಲಿ ವರದಿ ತಿದ್ದುವವರು) ಪಾಲುಗೊಂಡಿದ್ದರೆ ಅವರ ಹೆಸರುಗಳನ್ನು ಅರ್ಜಿಯಲ್ಲಿಯೇ ಸೇರಿಸಿ. ತಾಲ್ಲೂಕಿನವರು ಹೊತ್ತು ತಂದ ಸುದ್ದಿಗೆ ಮೇಲಿನವರ ಹೆಸರು ಬೀಳುವ ನೋವನ್ನು ಅನುಭವಿಸಿದವರೇ ತಮ್ಮ ಕೆಳಗಿನವರ ಹೆಸರನ್ನು ಮರೆಯಬಾರದು. ಪ್ರಶಸ್ತಿ ಬಂದ ಮೇಲೆ ಹೆಸರು ಸೇರಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

ಈಗ ಪ್ರಕಟಿತ ಪುಟದ ವಿಚಾರ. ದಿನಪತ್ರಿಕೆಯ ದೊಡ್ಡ ಪುಟವನ್ನು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದರೆ ಅಕ್ಷರಗಳು ಓದಲಾಗದಷ್ಟು ಸಣ್ಣದಾಗುತ್ತವೆ. ವರದಿಯನ್ನಷ್ಟೇ ಕತ್ತರಿಸಿ ಅಂಟಿಸಿದರೆ ಅದು ಯಾವ ಪತ್ರಿಕೆ, ಯಾವ ದಿನ, ಮುಖಪುಟವೋ ಜಿಲ್ಲಾ ಪುಟವೋ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಕಂತಿಗೂ ಮೊದಲು ಇಡೀ ಪುಟದ ಚಿತ್ರ, ಅದರ ಹಿಂದೆ ಓದುವ ಗಾತ್ರಕ್ಕೆ ಹಿಗ್ಗಿಸಿದ ಕಾಲಂಗಳು ಓದುವ ಕ್ರಮದಲ್ಲಿ, ಕೊನೆಗೆ ಟೈಪ್ ಮಾಡಿದ ಪೂರ್ಣ ಪಠ್ಯ ಇರಲಿ. ವರದಿ ಒಳಪುಟಕ್ಕೆ ಮುಂದುವರಿದಿದ್ದರೆ ಆ ಪುಟವನ್ನೂ ಮರೆಯಬೇಡಿ. ಇ-ಪೇಪರಿನಿಂದ ಇಳಿಸಿಕೊಂಡ ಪಿಡಿಎಫ್ ಸ್ಕ್ಯಾನ್ ಮಾಡಿದ ಪುಟಕ್ಕಿಂತ ಸ್ವಚ್ಛವಾಗಿರುತ್ತದೆ. ಆದರೆ ಹಳೆಯ ಪುಟಗಳು ಇ-ಪೇಪರಿನಲ್ಲಿ ಸದಾ ಸಿಗುತ್ತವೆಂಬ ಭರವಸೆಯಿಲ್ಲ, ಜಿಲ್ಲಾ ಆವೃತ್ತಿಯ ಪುಟಗಳಂತೂ ಬೇಗ ಕಣ್ಮರೆಯಾಗುತ್ತವೆ. ಮುಂದಿನ ಸರಣಿಗೆ ಪ್ರಕಟವಾದ ದಿನವೇ ಪುಟವನ್ನು ಉಳಿಸಿಟ್ಟುಕೊಳ್ಳಿ. ಸ್ಕ್ಯಾನ್ ಮಾಡಲೇಬೇಕಿದ್ದರೆ 300 ಡಿಪಿಐ ಸ್ಪಷ್ಟತೆ ಸಾಕು. ಮುದ್ರಿತ ಪ್ರತಿ ಕೇಳುವ ಸ್ಪರ್ಧೆಗಳಿಗೆ ಅಸಲು ಪತ್ರಿಕೆಯ ಬದಲು ಬಿಳಿ ಹಾಳೆಯ ಮೇಲಿನ ಸ್ಪಷ್ಟ ಪ್ರತಿ ಕಳುಹಿಸಿ, ಕೇಳಿದಷ್ಟೇ ಸಂಖ್ಯೆಯಲ್ಲಿ. ತೀರ್ಪುಗಾರರಿಗೆ ಹೆಸರು ತಿಳಿಯಬಾರದೆಂಬ ನಿಯಮವಿರುವ ಕಡೆ ಮಾತ್ರ ಪುಟದ ಮೇಲಿನ ಪತ್ರಿಕೆಯ ಹೆಸರನ್ನೂ ಬೈಲೈನನ್ನೂ ಮುಚ್ಚಬೇಕಾಗುತ್ತದೆ.

ಟೈಪ್ ಮಾಡಿದ ಪಠ್ಯದಲ್ಲಿ ಕನ್ನಡದವರಿಗೇ ವಿಶೇಷವಾದ ಒಂದು ತೊಡಕಿದೆ. ನಮ್ಮ ವರದಿಗಾರರಲ್ಲಿ ಬಹಳ ಮಂದಿ ಇಂದಿಗೂ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿಯೇ ಬರೆಯುತ್ತಾರೆ. ಅಂಥ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ. ಅರ್ಜಿಯ ಜಾಲತಾಣದ ಚೌಕಕ್ಕೆ ನಕಲು ಮಾಡಿ ಅಂಟಿಸಿದರೂ ಅಷ್ಟೇ. ಹೀಗಾಗಿ ಪಠ್ಯವನ್ನು ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರ ಸಂಕೇತ ಕ್ರಮವಾದ ಯೂನಿಕೋಡ್‌ಗೆ ಪರಿವರ್ತಿಸಿ, ನಿರ್ಮಲಾ ಅಥವಾ ನೋಟೊ ಸ್ಯಾನ್ಸ್ ಕನ್ನಡದಂಥ ಸಾಮಾನ್ಯ ಫಾಂಟಿನಲ್ಲಿಟ್ಟು, ಫಾಂಟ್ ಅಡಕವಾದ ಪಿಡಿಎಫ್ ಆಗಿ ಉಳಿಸಬೇಕು. ಪರಿವರ್ತನೆಯ ನಂತರ ಇಡೀ ಪಠ್ಯವನ್ನು ಮೂಲದೊಂದಿಗೆ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುವುದು ಸಾಮಾನ್ಯ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮಾರ್ಪಡುವುದು ಇನ್ನೂ ಸಾಮಾನ್ಯ, ಏಕೆಂದರೆ ಹಳೆಯ ಫಾಂಟಿನ ಕಡತದಲ್ಲಿ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ಪಿಡಿಎಫ್ ಅನ್ನು ತಮ್ಮ ಗಣಕದಲ್ಲಲ್ಲದೆ ಬೇರೊಬ್ಬರ ಮೊಬೈಲಿನಲ್ಲಿಯೂ ತೆರೆದು ನೋಡಿ. ಕಡತದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ, ತಮ್ಮ ಹೆಸರು ಮತ್ತು ಕಂತಿನ ಸಂಖ್ಯೆಯೊಂದಿಗೆ ಇರಲಿ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳು ಆಯೋಜಕರ ಕೈಯಲ್ಲಿ ಕಲಸಿಹೋಗುತ್ತವೆ.

ಇಡೀ ಪ್ರವೇಶದಲ್ಲಿ ನಾನು ಅತ್ಯಂತ ಹೆಚ್ಚು ಸಮಯ ಕೊಡಿ ಎಂದು ಹೇಳುವುದು ಸಾರಾಂಶಕ್ಕೆ. ತೀರ್ಪುಗಾರರು ಮೊದಲು ಓದುವುದು ಅದನ್ನೇ, ಕೊನೆಯ ಚರ್ಚೆಯಲ್ಲಿ ಮತ್ತೆ ತಿರುವಿ ನೋಡುವುದೂ ಅದನ್ನೇ. ಆದರೆ ಕನ್ನಡದ ಪ್ರವೇಶಗಳಲ್ಲಿ ಸಾರಾಂಶ ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತದೆ: ‘ಜೀವಜಲವೇ ವಿಷವಾಗಿ ಪರಿಣಮಿಸಿರುವ ಇಂದಿನ ದಿನಗಳಲ್ಲಿ ಗ್ರಾಮೀಣ ಜನರ ಬವಣೆಗೆ ಕನ್ನಡಿ ಹಿಡಿಯುವ ಪ್ರಾಮಾಣಿಕ ಪ್ರಯತ್ನವೇ ಈ ಸರಣಿ.’ ಈ ವಾಕ್ಯವನ್ನು ಯಾವ ಜಿಲ್ಲೆಯ ಯಾವ ನೀರಿನ ವರದಿಗೂ ಅಂಟಿಸಬಹುದು. ತಮ್ಮ ಸರಣಿ ಏನನ್ನು ಕಂಡುಹಿಡಿಯಿತು ಎಂಬುದು ಇದರಲ್ಲಿಲ್ಲ. ತಮ್ಮ ವರದಿಗಳನ್ನು ನಾನು ಓದಿಲ್ಲವಾದ್ದರಿಂದ ಮಾದರಿಯಾಗಿ ಮಾತ್ರ ಹೇಳುತ್ತೇನೆ: ‘ಸರ್ಕಾರಿ ದಾಖಲೆಗಳಲ್ಲಿ ಚಾಲನೆಯಲ್ಲಿವೆ ಎಂದು ನಮೂದಾಗಿರುವ ಶುದ್ಧ ನೀರಿನ ಘಟಕಗಳಲ್ಲಿ ಎಷ್ಟು ನಿಜಕ್ಕೂ ನೀರು ಕೊಡುತ್ತಿವೆ ಎಂಬುದನ್ನು ವರದಿಗಾರರು ಪ್ರತಿಯೊಂದು ಘಟಕಕ್ಕೂ ಹೋಗಿ ಪರಿಶೀಲಿಸಿದರು. ಬಾಗಿಲು ಮುಚ್ಚಿದ್ದ ಘಟಕಗಳ ಹೆಸರಿನಲ್ಲಿಯೂ ನಿರ್ವಹಣಾ ವೆಚ್ಚ ಪಾವತಿಯಾಗುತ್ತಿರುವುದನ್ನು ಮಾಹಿತಿ ಹಕ್ಕಿನಡಿ ಪಡೆದ ಬಿಲ್ಲುಗಳು ತೋರಿಸಿದವು.’ ಮೊದಲ ವಾಕ್ಯದಲ್ಲಿ ಕೆಲಸವಿದೆ, ಎರಡನೆಯದರಲ್ಲಿ ಫಲಿತಾಂಶವಿದೆ, ಆಧಾರವೂ ಇದೆ. ವಿಶೇಷಣ ಒಂದೂ ಇಲ್ಲ.

ನಂತರದ ಪ್ಯಾರಾದಲ್ಲಿ ವಿಧಾನವನ್ನು ಹೇಳಿ. ನೀರಿನ ಮಾದರಿಗಳನ್ನು ಎಲ್ಲಿಂದ, ಯಾವ ತಿಂಗಳಲ್ಲಿ ತೆಗೆದಿರಿ, ಯಾವ ಪ್ರಯೋಗಾಲಯದಲ್ಲಿ ಪರೀಕ್ಷೆಯಾಯಿತು, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಉತ್ತರ ಕೊಡಲು ಎಷ್ಟು ಕಾಲಾವಕಾಶ ಕೊಟ್ಟಿರಿ, ಅವರು ಏನು ಹೇಳಿದರು. ಅಂಕಿಯ ಪಕ್ಕದಲ್ಲಿ ಅಳತೆಗೋಲೂ ಇರಲಿ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಎಂದು ಬರೆದರೆ ದೆಹಲಿಯ ತೀರ್ಪುಗಾರರಿಗೆ ಅದು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವಿಲ್ಲದ ಕಡೆ 1.5ರವರೆಗೆ ಅನುಮತಿಯಿದೆ. ಈ ಒಂದು ವಾಕ್ಯ ಜೊತೆಗಿದ್ದರೆ ತಮ್ಮ ಅಂಕಿ ತಾನೇ ಮಾತಾಡುತ್ತದೆ.

ಕೊನೆಗೆ ಫಲಶ್ರುತಿ. ವರದಿಯ ನಂತರ ಏನಾಯಿತು ಎಂಬುದನ್ನು ದಿನಾಂಕ ಮತ್ತು ದಾಖಲೆಯಿಂದ ಹೇಳಿ: ಜಿಲ್ಲಾ ಪಂಚಾಯಿತಿಯ ಸಿಇಒ ಹೊರಡಿಸಿದ ಆದೇಶ, ವಿಧಾನಸಭೆಯಲ್ಲಿ ಬಂದ ಪ್ರಶ್ನೆ ಮತ್ತು ಅದಕ್ಕೆ ಸಚಿವರ ಉತ್ತರ, ಲೋಕಾಯುಕ್ತದ ಪ್ರಕರಣ. ‘ವರದಿಯಿಂದ ಎಚ್ಚೆತ್ತ ಆಡಳಿತ’ ಎಂಬಂಥ ಶೀರ್ಷಿಕೆಯ ತಮ್ಮದೇ ಪತ್ರಿಕೆಯ ಸುದ್ದಿ ದುರ್ಬಲ ಸಾಕ್ಷಿ. ಒಂದು ಘಟಕ ದುರಸ್ತಿಯಾಗಿದ್ದರೆ ಒಂದು ಎಂದೇ ಬರೆಯಿರಿ. ದುರಸ್ತಿ ಮೊದಲೇ ಮಂಜೂರಾಗಿತ್ತು ಎಂಬುದು ಪರಿಶೀಲನೆಯಲ್ಲಿ ಗೊತ್ತಾದರೆ ಉಳಿದ ನಿಜಗಳೂ ಅನುಮಾನಕ್ಕೆ ಒಳಗಾಗುತ್ತವೆ. ಏನೂ ಆಗದಿದ್ದರೆ ಆಗಿಲ್ಲ ಎನ್ನಿ. ಆಡಳಿತದ ಮೌನ ವರದಿಗಾರರ ಲೋಪವಲ್ಲ.

ಅನುವಾದದ ಬಗ್ಗೆ ಕೇಳಿದ್ದೀರಿ. ರಾಜ್ಯದ ಸ್ಪರ್ಧೆಗಳಿಗೆ ಬೇಕಿಲ್ಲ. ರಾಷ್ಟ್ರ ಮಟ್ಟದಲ್ಲಿ ಪ್ರಾದೇಶಿಕ ಭಾಷೆಯ ವರದಿಗಳಿಗೆ ಇಂಗ್ಲಿಷ್ ಅನುವಾದ ಕೇಳುವುದು ರೂಢಿ. ಕನ್ನಡ ಓದಲು ಬಾರದ ತೀರ್ಪುಗಾರರಿಗೆ ಆ ಅನುವಾದವೇ ತಮ್ಮ ವರದಿ. ಅದನ್ನು ಕೊನೆಯ ರಾತ್ರಿ ಯಂತ್ರಾನುವಾದಕ್ಕೆ ಒಪ್ಪಿಸಿ ಕಳುಹಿಸಿದರೆ ತಿಂಗಳುಗಳ ದುಡಿಮೆ ವ್ಯರ್ಥವಾಗುತ್ತದೆ. ಯಂತ್ರದಿಂದ ಮೊದಲ ಕರಡು ತೆಗೆಯುವುದರಲ್ಲಿ ತಪ್ಪಿಲ್ಲ, ಆದರೆ ಎರಡು ಭಾಷೆ ಬಲ್ಲವರೊಬ್ಬರು ಅದನ್ನು ಮೂಲದ ಪಕ್ಕದಲ್ಲಿಟ್ಟು ತಿದ್ದಲೇಬೇಕು. ‘ವೈದ್ಯಾಧಿಕಾರಿ ಹೇಳಿದರು’ ಎಂಬ ನಮ್ಮ ಗೌರವದ ಬಹುವಚನದಲ್ಲಿ ಹೇಳಿದವರು ಹೆಣ್ಣೋ ಗಂಡೋ ತಿಳಿಯುವುದಿಲ್ಲ. ಯಂತ್ರ ಬಹುತೇಕ ಗಂಡೆಂದೇ ಊಹಿಸುತ್ತದೆ. ಕರ್ತೃಪದ ಬಿಟ್ಟ ವಾಕ್ಯಗಳಲ್ಲಿ ಯಾರು ಯಾರಿಗೆ ಹಣ ಕೊಟ್ಟರು ಎಂಬುದೇ ತಲೆಕೆಳಗಾಗಬಹುದು, ಅದು ಮಾನಹಾನಿಯವರೆಗೂ ಹೋಗಬಹುದು. ಹೋಬಳಿ, ಪಿಡಿಒ, ವಾಟರ್‌ಮನ್ ಮುಂತಾದವುಗಳಿಗೆ ಮೊದಲ ಬಳಕೆಯಲ್ಲಿ ಅರ್ಧ ವಾಕ್ಯದ ವಿವರಣೆ ಕೊಡಿ. ಭಾರತದ ಸ್ಪರ್ಧೆಯಾದರೆ ಲಕ್ಷ, ಕೋಟಿಗಳು ಹಾಗೆಯೇ ಇರಲಿ. ಹೊರದೇಶದ್ದಾದರೆ ಮಿಲಿಯನ್‌ಗೆ ಬದಲಿಸಿ ಸೊನ್ನೆಗಳನ್ನು ಮತ್ತೊಮ್ಮೆ ಎಣಿಸಿ.

ಅನುವಾದ ಮೂಲಕ್ಕಿಂತ ಚೆನ್ನಾಗಿರಬಾರದು. ಮೂಲದಲ್ಲಿಲ್ಲದ ಅಂಕಿ, ನಂತರ ತಿಳಿದುಬಂದ ಸಂಗತಿ, ಪ್ರಕಟವಾಗದ ಹೇಳಿಕೆ ಯಾವುದನ್ನೂ ಅದರೊಳಗೆ ಸೇರಿಸಬೇಡಿ. ಸಮಿತಿಯಲ್ಲಿ ಕನ್ನಡ ಬಲ್ಲವರಿರಬಹುದು, ಅಂತಿಮ ಸುತ್ತಿನಲ್ಲಿ ಮೂಲದೊಂದಿಗೆ ಹೋಲಿಸಲು ಯಾರನ್ನಾದರೂ ಕರೆಯಬಹುದು. ಡೆಸ್ಕಿನಲ್ಲಿ ಕತ್ತರಿಸಿದ ಭಾಗದ ಬಗ್ಗೆ ಎಷ್ಟೇ ಬೇಸರವಿದ್ದರೂ ಸ್ಪರ್ಧೆಯಲ್ಲಿರುವುದು ಪ್ರಕಟವಾದ ವರದಿ ಮಾತ್ರ.

ಮೂರನೆಯ ಕಂತಿನ ತಿದ್ದುಪಡಿಯನ್ನು ಖಂಡಿತವಾಗಿಯೂ ಲಗತ್ತಿಸಿ. ವರದಿಯ ಪ್ರಾಮಾಣಿಕತೆ, ನಿಖರತೆ ಅಥವಾ ನ್ಯಾಯಪರತೆಯ ಬಗ್ಗೆ ಎದ್ದ ಗಂಭೀರ ಆಕ್ಷೇಪಗಳನ್ನು, ಪ್ರಕಟವಾದ ತಿದ್ದುಪಡಿಗಳನ್ನು ಪ್ರವೇಶದೊಂದಿಗೆ ಸಲ್ಲಿಸಬೇಕೆಂದು ಪತ್ರಿಕೋದ್ಯಮಕ್ಕೆ ಕೊಡುವ ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯ ನಿಯಮವೇ ಹೇಳುತ್ತದೆ. ನಮ್ಮ ಸ್ಪರ್ಧೆಗಳ ಅರ್ಜಿಯಲ್ಲಿ ಅದನ್ನು ಕೇಳದಿದ್ದರೂ ತಾವಾಗಿಯೇ ಕೊಡಿ: ಏನು ತಪ್ಪಾಗಿತ್ತು, ಯಾವ ದಿನ ಸರಿಪಡಿಸಲಾಯಿತು, ಸರಣಿಯ ಮುಖ್ಯ ನಿರ್ಣಯಕ್ಕೆ ಅದರಿಂದ ಬದಲಾವಣೆ ಆಯಿತೇ ಇಲ್ಲವೇ ಎಂಬ ಮೂರು ವಾಕ್ಯ ಸಾಕು. ತಿದ್ದಿಕೊಂಡ ವರದಿಗಾರರ ಬಗ್ಗೆ ತೀರ್ಪುಗಾರರಿಗೆ ಗೌರವ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಮುಚ್ಚಿಟ್ಟದ್ದು ಬೇರೆಯವರಿಂದ ತಿಳಿದರೆ ಪ್ರವೇಶ ಅಲ್ಲಿಗೆ ಮುಗಿಯಿತು.

ಇದೇ ಎಚ್ಚರ ತಮ್ಮ ಪರಿಚಯದ ಪುಟಕ್ಕೂ ಬೇಕು. 1981ರಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಜಾನೆಟ್ ಕುಕ್ ಅವರಿಗೆ ಎಂಟು ವರ್ಷದ ಮಾದಕವ್ಯಸನಿ ಬಾಲಕನೊಬ್ಬನ ಕುರಿತ ವರದಿಗಾಗಿ ಪುಲಿಟ್ಜರ್ ಪ್ರಶಸ್ತಿ ಘೋಷಣೆಯಾಯಿತು. ಕುಕ್ ತಮ್ಮ ಪರಿಚಯದಲ್ಲಿ ಹೇಳಿಕೊಂಡಿದ್ದ ಪದವಿ, ವ್ಯಾಸಂಗದ ವಿವರಗಳನ್ನು ಅವರು ಮೊದಲು ಕೆಲಸ ಮಾಡಿದ್ದ ಟೊಲಿಡೊ ಬ್ಲೇಡ್ ಪತ್ರಿಕೆಯವರು ನೋಡಿ, ಅವು ತಮಗೆ ತಿಳಿದ ಸಂಗತಿಗಳಿಗೆ ಹೊಂದುತ್ತಿಲ್ಲವೆಂದು ಗುರುತಿಸಿದರು. ವಿಚಾರಣೆ ಅಲ್ಲಿಂದ ವರದಿಯ ಕಡೆಗೆ ಹೊರಳಿತು. ಅಂಥ ಬಾಲಕನೇ ಇರಲಿಲ್ಲವೆಂಬುದು ಬಯಲಾಗಿ ಪ್ರಶಸ್ತಿಯನ್ನು ಹಿಂತಿರುಗಿಸಬೇಕಾಯಿತು. ಅರೆಕಾಲಿಕ ವರದಿಗಾರರಾಗಿದ್ದರೆ ಹಾಗೆಂದೇ ಬರೆಯಿರಿ. ಆ ಸ್ಥಿತಿಯಲ್ಲಿ ಇಂಥ ಸರಣಿ ಮಾಡಿದ್ದೀರಿ ಎಂಬುದು ತಿಳಿಯಬೇಕಾದ ಸಂಗತಿಯೇ.

ಚಿತ್ರಗಳ ಮೂಲ ಕಡತವನ್ನು ಕ್ಯಾಮೆರಾದಿಂದ ಬಂದಂತೆಯೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗಾತ್ರವೂ ಕುಗ್ಗುತ್ತದೆ, ತೆಗೆದ ದಿನಾಂಕ ಮುಂತಾದ ಅಡಕ ಮಾಹಿತಿಯೂ ಅಳಿಸಿಹೋಗುತ್ತದೆ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಹಿಂದಿನ ಸುತ್ತು ತಲುಪಿದ್ದ ಚಿತ್ರಗಳಲ್ಲಿ ಸುಮಾರು ಶೇ 20ರಷ್ಟು ಮೂಲ ಕಡತದೊಂದಿಗೆ ಹೋಲಿಸಿದಾಗ ಅನರ್ಹಗೊಂಡವು. ಅದೇ ವರ್ಷ, ಬೇರೊಂದು ಊರಿನಲ್ಲಿ ತೆಗೆದ ಚಿತ್ರವನ್ನು ಸರಣಿಯಲ್ಲಿ ಸೇರಿಸಿ ತಪ್ಪು ಸ್ಥಳ ನಮೂದಿಸಿದ್ದಕ್ಕಾಗಿ ಘೋಷಿತ ಬಹುಮಾನವೊಂದನ್ನು ಹಿಂಪಡೆಯಲಾಯಿತು.

ಲಗತ್ತುಗಳನ್ನು ಮಿತಗೊಳಿಸಿ. ಮಾಹಿತಿ ಹಕ್ಕಿನಡಿ ಸಿಕ್ಕ ಇನ್ನೂರು ಪುಟಗಳಲ್ಲಿ ವರದಿಗೆ ಆಧಾರವಾದ ನಾಲ್ಕಾರು ಪುಟಗಳನ್ನು ಆರಿಸಿ, ಬೇಕಾದ ಸಾಲಿಗೆ ಗುರುತು ಹಾಕಿ, ಅದು ಯಾವ ಕಂತಿನ ಯಾವ ಮಾತಿಗೆ ಆಧಾರ ಎಂದು ಮೇಲೆ ಬರೆಯಿರಿ. ಕಳುಹಿಸುವ ಮೊದಲು ಒಂದೊಂದು ಪುಟದಲ್ಲಿಯೂ ಜನರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ರೋಗಿಗಳ ಹೆಸರು ಇವೆಯೇ ಎಂದು ನೋಡಿ ಮರೆಮಾಡಿ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅದರ ಕೆಳಗಿನ ಅಕ್ಷರಗಳು ನಕಲು ಮಾಡಲು ಸಿಗುತ್ತಲೇ ಇರಬಹುದು. ಮುದ್ರಿಸಿ, ಮಸಿ ಬಳಿದು, ಮತ್ತೆ ಸ್ಕ್ಯಾನ್ ಮಾಡುವುದು ಖಚಿತವಾದ ಉಪಾಯ. ಫ್ಲೋರೈಡ್‌ನಿಂದ ಹಲ್ಲು ಕಂದಿದ ಮಕ್ಕಳ ಚಿತ್ರಗಳಿಗೆ ಪೋಷಕರ ಒಪ್ಪಿಗೆಯಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಮುಂದೆ ಲೈಂಗಿಕ ದೌರ್ಜನ್ಯದ ವರದಿಯನ್ನು ಕಳುಹಿಸುವ ಸಂದರ್ಭ ಬಂದರೆ, ಸಂತ್ರಸ್ತರ ಗುರುತು ಬಹಿರಂಗಪಡಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಮತ್ತು ಮಕ್ಕಳ ವಿಚಾರದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿರ್ಬಂಧಿಸುತ್ತವೆ ಎಂಬುದನ್ನು ಲಗತ್ತಿಸುವ ಎಫ್‌ಐಆರ್ ಪ್ರತಿಯ ವಿಷಯದಲ್ಲಿಯೂ ನೆನಪಿಡಿ.

ಒಂದೇ ಸರಣಿಯನ್ನು ಹಲವು ಕಡೆ ಕಳುಹಿಸುವುದಕ್ಕೆ, ನಿಯಮದಲ್ಲಿ ನಿಷೇಧವಿಲ್ಲದಿದ್ದರೆ, ಅಡ್ಡಿಯಿಲ್ಲ. ಬೇರೆ ಕಡೆ ಪ್ರಶಸ್ತಿ ಬಂದಿದೆಯೇ ಎಂದು ಅರ್ಜಿ ಕೇಳಿದರೆ ನಿಜ ಹೇಳಿ. ಆದರೆ ಸಾರಾಂಶವನ್ನು ಪ್ರತಿ ಸ್ಪರ್ಧೆಗೂ ಹೊಸದಾಗಿ ಬರೆಯಬೇಕಾಗುತ್ತದೆ: ರಾಜ್ಯದ ತೀರ್ಪುಗಾರರಿಗೆ ಶುದ್ಧ ನೀರಿನ ಘಟಕ ಎಂದರೇನೆಂದು ವಿವರಿಸಬೇಕಿಲ್ಲ, ಹೊರಗಿನವರಿಗೆ ಅಲ್ಲಿಂದಲೇ ಆರಂಭಿಸಬೇಕು. ಕೊನೆಯ ದಿನ ಅರ್ಜಿಯ ಜಾಲತಾಣ ನಿಧಾನವಾಗುವುದು ಮಾಮೂಲು, ಆದ್ದರಿಂದ ಎರಡು ಮೂರು ದಿನ ಮೊದಲೇ ಸಲ್ಲಿಸಿ, ಸ್ವೀಕೃತಿಯ ಇಮೇಲನ್ನು ಉಳಿಸಿಕೊಳ್ಳಿ. ಈ ಎಲ್ಲದರಲ್ಲಿ ತಮ್ಮ ಕೈಯಲ್ಲಿಲ್ಲದ, ಅತ್ಯಂತ ತಡವಾಗುವ ಕಾಗದವೆಂದರೆ ಸಂಪಾದಕರ ದೃಢೀಕರಣ ಪತ್ರ. ಅದರ ಒಕ್ಕಣೆಯನ್ನು ತಾವೇ ಸಿದ್ಧಪಡಿಸಿ, ಎರಡೂ ಕಂತುಗಳ ಪುಟಗಳೊಂದಿಗೆ ಬ್ಯೂರೋ ಮುಖ್ಯಸ್ಥರ ಮೂಲಕ ಈ ವಾರವೇ ಕಳುಹಿಸಿಕೊಡಿ.